ಮನೆಯಲ್ಲಿ ಕಲಿಯುವ ಹೆಣ್ಣು-ಗಂಡಿನ ಪಾಠ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ ಮರುಪಾವತಿ, ಪುಸ್ತಕ ಬರವಣಿಗೆ ಇವುಗಳ ಬಗ್ಗೆ ಸಂಘದಲ್ಲಿ ನಾವು ಬೇಕಾದಷ್ಟು ಮಾತಾಡಿದ್ದೇವೆ. ಇವತ್ತು ಯಾವ ಲೆಕ್ಕದ ಪುಸ್ತಕಕ್ಕೂ ಬಾರದ ಒಂದು ವಿಷಯವನ್ನು ತೆಗೆದುಕೊಳ್ಳೋಣ. ಇದು ಗಂಡಸಿನ ಕೆಲಸ, ಇದು ಹೆಂಗಸಿನ ಕೆಲಸ ಅಂತ ನಮ್ಮ ಮಕ್ಕಳಿಗೆ ಹೇಳಿಕೊಡುವವರು ಯಾರು?

ತರಬೇತಿಗಳಲ್ಲಿ ಲಿಂಗ, ಲಿಂಗತ್ವ ಎಂಬ ಎರಡು ಮಾತುಗಳನ್ನು ನೀವು ಕೇಳಿರುತ್ತೀರಿ. ಹೆರುವುದು, ಎದೆಹಾಲು ಕೊಡುವುದು ಪ್ರಕೃತಿ ಹೆಣ್ಣಿಗೆ ಕೊಟ್ಟದ್ದು, ಅದನ್ನು ಹಂಚಿಕೊಳ್ಳಲು ಆಗದು. ಕಸ ಗುಡಿಸುವುದು ಹಾಗಲ್ಲ. ಪೊರಕೆಗೆ ತನ್ನನ್ನು ಹಿಡಿದ ಕೈ ಯಾರದು ಅಂತ ಗೊತ್ತಾಗುವುದಿಲ್ಲ. ಈ ಹಂಚಿಕೆ ನಾವೇ ಮಾಡಿದ್ದು, ಇದನ್ನೇ ಲಿಂಗತ್ವ ಅನ್ನುತ್ತೇವೆ. ಮನೆಯಲ್ಲಿ ಅಡುಗೆ ಹೆಂಗಸಿನ ಕೆಲಸ ತಾನೇ? ಅದೇ ಅಡುಗೆ ಮದುವೆ ಛತ್ರಕ್ಕೆ, ಹೋಟೆಲಿಗೆ ಹೋದರೆ ಭಟ್ಟರೆಲ್ಲ ಗಂಡಸರು! ಮನೆಯಲ್ಲಿ ಬಟ್ಟೆಯ ಕೆಲಸ ನಮ್ಮದು, ಪೇಟೆಯ ಇಸ್ತ್ರಿ ಅಂಗಡಿ ಹೆಚ್ಚಾಗಿ ಅವರದು. ಕೂಲಿ ಸಿಗುವ ಕಡೆ ಕೈಗೆ ಯಾವ ಅಡ್ಡಿಯೂ ಇಲ್ಲ.

ಮಗುವಿಗೆ ಸುಮಾರು 3 ವರ್ಷವಾಗುವ ಹೊತ್ತಿಗೆ ತಾನು ಹುಡುಗನೋ ಹುಡುಗಿಯೋ ಅಂತ ಹೇಳಲು ಬರುತ್ತದೆ. 5-6 ವರ್ಷಕ್ಕೆ ಆಟದ ಸಾಮಾನು, ಬಣ್ಣ, ಕೆಲಸ ಎಲ್ಲವನ್ನೂ ಹುಡುಗರದ್ದು, ಹುಡುಗಿಯರದ್ದು ಅಂತ ಬೇರೆ ಮಾಡಿ ಇಟ್ಟುಬಿಡುತ್ತವೆ. ಅಂಗನವಾಡಿಯಲ್ಲಿ ಮಕ್ಕಳು ಅಪ್ಪ-ಅಮ್ಮನ ಆಟ ಆಡುವುದನ್ನು ಸ್ವಲ್ಪ ಹೊತ್ತು ಕೂತು ನೋಡಿ. ಅಮ್ಮ ಆದವಳು ತೆಂಗಿನ ಚಿಪ್ಪಿನಲ್ಲಿ ಮಣ್ಣು ಕಲಸಿ ಸಾರು ಮಾಡುತ್ತಾಳೆ. ಅಪ್ಪ ಆದವನು ಬಂದು ಕೂತು, 'ಏಯ್, ಕಾಫಿ ತಾ' ಅಂತಾನೆ. ಅದನ್ನು ಅಂಗನವಾಡಿ ಟೀಚರ್ ಕಲಿಸಿದ್ದಲ್ಲ. ನಮ್ಮನೆಯದೇ ಆಟ ಅದು.

ಸಂಜೆ ಐದರಿಂದ ಒಂಬತ್ತರವರೆಗೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಅಕ್ಕ, ತಮ್ಮ ಇಬ್ಬರೂ ಒಂದೇ ಶಾಲೆಯಿಂದ ಬರುತ್ತಾರೆ. ಅವಳು ಬ್ಯಾಗ್ ಇಟ್ಟವಳೇ ಬಿಂದಿಗೆ ಹಿಡಿದು ನಲ್ಲಿಗೆ ಹೋಗುತ್ತಾಳೆ. ಬಂದು ಪಾತ್ರೆ ತೊಳೆಯಬೇಕು, ಸೊಪ್ಪು ಬಿಡಿಸಬೇಕು, ಅಳುವ ಪಾಪುವನ್ನು ಸೊಂಟಕ್ಕೆ ಏರಿಸಿಕೊಳ್ಳಬೇಕು. ಅವನು ಬ್ಯಾಟು ಹಿಡಿದು ಹೋದವನು ಕತ್ತಲಾದ ಮೇಲೆ ಬಂದು 'ಅಮ್ಮಾ, ಊಟ' ಅಂತಾನೆ. ತಿಂದ ತಟ್ಟೆ ಅಲ್ಲೇ. 'ಅವನಿಗೆ ಯಾಕಮ್ಮ ಏನೂ ಹೇಳಲ್ಲ?' ಅಂತ ಹುಡುಗಿ ಒಂದು ದಿನ ಕೇಳಿಯೇ ಕೇಳುತ್ತಾಳೆ. ನಮ್ಮ ಬಾಯಲ್ಲಿ ಉತ್ತರ ಸಿದ್ಧ ಇರುತ್ತದೆ: 'ಅವನು ಗಂಡು ಹುಡ್ಗ. ನೀನು ನಾಳೆ ಕೊಟ್ಟ ಮನೆಗೆ ಹೋಗೋಳು, ಕಲೀಬೇಡ್ವಾ?'

ಆ ಮಾತು ಅವಳ ಮನಸ್ಸಿಗೆ ಹೇಗೆ ನಾಟುತ್ತದೆ ನೋಡಿ. ದುಡಿಯುತ್ತಿರುವುದು ಈ ಮನೆಗೆ, ಆದರೆ ಈ ಮನೆ ಅವಳದ್ದಲ್ಲ. ಕಾನೂನು ಹಾಗೆ ಹೇಳುವುದಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹಕ್ಕು ಅಂತ ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ಮಾಡಿತು, 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ನಮ್ಮ ಕ್ರೈಸ್ತರಲ್ಲಿ ತಂದೆ ಉಯಿಲು ಬರೆಯದೆ ತೀರಿಹೋದರೆ ಮಗನಿಗೂ ಮಗಳಿಗೂ ಸಮಪಾಲು, 1925ರ ಉತ್ತರಾಧಿಕಾರ ಕಾಯ್ದೆ ಇದು. ಕಾಗದದಲ್ಲಿ ಹಕ್ಕು ಇದೆ. ಕೇಳುವ ಬಾಯಿಯನ್ನು ಮಾತ್ರ ನಾವು ಒಲೆಯ ಮುಂದೆಯೇ ಮುಚ್ಚಿಸಿರುತ್ತೇವೆ.

ಒಂಬತ್ತಕ್ಕೆ ಪುಸ್ತಕ ಹಿಡಿದರೆ ಅವಳಿಗೆ ತೂಕಡಿಕೆ. ಇಷ್ಟಾದರೂ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ವರ್ಷ ವರ್ಷವೂ ಹೆಣ್ಣುಮಕ್ಕಳೇ ಮುಂದೆ ಅಂತ ಪೇಪರಿನಲ್ಲಿ ಓದುತ್ತೇವೆ. ಓದಲು ಸಂಜೆ ಎರಡು ಗಂಟೆ ಹೆಚ್ಚಿಗೆ ಸಿಕ್ಕಿದ್ದರೆ?

ಕೇಂದ್ರ ಸರ್ಕಾರ 2024ರಲ್ಲಿ ಜನರ ಸಮಯದ ಬಳಕೆ ಕುರಿತು ಸಮೀಕ್ಷೆ ಮಾಡಿತು. 6 ವರ್ಷ ಮೇಲ್ಪಟ್ಟವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲೇ ಕಳೆಯುತ್ತಾರೆ, ಮಾಡುವ ಗಂಡಸರು 88 ನಿಮಿಷ. ಮಾಡುವವರ ಲೆಕ್ಕ ಇದು. ಮಾಡದೇ ಇರುವ ಗಂಡಸರೇ ಹೆಚ್ಚು!

ಊಟದ ವಿಷಯ. ಮೊದಲು ಗಂಡಸರು, ಆಮೇಲೆ ಗಂಡು ಮಕ್ಕಳು, ಕೊನೆಗೆ ತಳದಲ್ಲಿ ಉಳಿದದ್ದು ತಾಯಿ-ಮಗಳಿಗೆ. ಮೊಟ್ಟೆ ಒಂದೇ ಇದ್ದರೆ ಅದು ಯಾರ ತಟ್ಟೆಗೆ ಹೋಗುತ್ತದೆ ಅಂತ ನಾವು ಹೇಳಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು, ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಮುಟ್ಟು, ಬಸಿರು, ಬಾಣಂತನ ಇದಕ್ಕೆ ಕಾರಣ ಹೌದು. ಹಾಗಿದ್ದ ಮೇಲೆ ಹೆಚ್ಚು ರಕ್ತ ಬೇಕಾದವಳಿಗೆ ಕಡಿಮೆ ಊಟ ಬಡಿಸುವುದು ಯಾವ ನ್ಯಾಯ?

ಗಂಡು ಮಕ್ಕಳಿಗೂ ಇದರಿಂದ ನಷ್ಟವೇ. ಬಿದ್ದು ಮೊಣಕಾಲು ಕೆತ್ತಿಕೊಂಡ ಹುಡುಗನಿಗೆ 'ಥೂ, ಹೆಣ್ಣಿನ ಹಾಗೆ ಅಳ್ತೀಯಾ' ಅಂತೀವಿ. ಅಳು ನಿಲ್ಲುತ್ತದೆ, ನೋವು ನಿಲ್ಲುವುದಿಲ್ಲ. ದುಃಖವನ್ನು ಬಾಯಿಬಿಟ್ಟು ಹೇಳಲು ಕಲಿಯದ ಹುಡುಗ ದೊಡ್ಡವನಾದ ಮೇಲೆ ಅದನ್ನು ಸಿಟ್ಟಾಗಿ ಹೆಂಡತಿಯ ಮೇಲೆ ತೀರಿಸಿಕೊಳ್ಳುವುದನ್ನು ನಾವು ನಮ್ಮ ಬೀದಿಗಳಲ್ಲೇ ಕಂಡಿದ್ದೇವೆ.

ಇನ್ನು ನಮ್ಮ ಸಂಘದ ಮಾತು. ಇದು ಕೆಲವರಿಗೆ ಬೇಸರ ತರಬಹುದು, ಆದರೂ ಹೇಳಲೇಬೇಕು. ಸಾಲ ನಮ್ಮ ಹೆಸರಲ್ಲಿ, ಸಹಿ ನಮ್ಮದು, ವಾರದ ಕಂತು ಕೂಲಿ ಮಾಡಿ ಕಟ್ಟುವುದೂ ನಾವೇ. ದುಡ್ಡು ಮನೆಗೆ ಬಂದ ರಾತ್ರಿ ಎಣಿಸುವುದು ಯಾರು? ಯಾವುದಕ್ಕೆ ಖರ್ಚು ಅಂತ ತೀರ್ಮಾನ ಮಾಡುವುದು ಯಾರು? ಮಗಳು ಬಾಗಿಲ ಹತ್ತಿರ ನಿಂತು ನೋಡುತ್ತಿರುತ್ತಾಳೆ. ಮಹಿಳಾ ದಿನಾಚರಣೆಯ ಮೆರವಣಿಗೆಯಲ್ಲಿ ನಾವು ಕೂಗಿದ ಘೋಷಣೆಗಿಂತ ಆ ರಾತ್ರಿ ಕಂಡದ್ದು ಅವಳಿಗೆ ಹೆಚ್ಚು ನೆನಪಿರುತ್ತದೆ. ದುಡ್ಡನ್ನು ಗಂಡ-ಹೆಂಡತಿ ಇಬ್ಬರೂ ಕೂತು, ಮಕ್ಕಳ ಎದುರೇ ಲೆಕ್ಕ ಹಾಕಿ ಖರ್ಚು ಮಾಡುವ ಮನೆಗಳೂ ನಮ್ಮ ಸಂಘಗಳಲ್ಲಿವೆ. ಅಲ್ಲಿ ಮಗನೂ ಅದನ್ನೇ ನೋಡಿ ಬೆಳೆಯುತ್ತಾನೆ.

'ಮಗನ ಕೈಲಿ ಪಾತ್ರೆ ತೊಳೆಸಿದರೆ ಅತ್ತೆ ಬೈತಾರೆ' ಅಂತ ನೀವು ಹೇಳುತ್ತೀರಿ. ಬೈಯಬಹುದು, ಅವರೂ ತಮ್ಮ ಅಮ್ಮನ ಮನೆಯಲ್ಲಿ ಹಾಗೇ ಕಲಿತವರು. ಪುನರುತ್ಥಾನರಾದ ಯೇಸುಸ್ವಾಮಿಯವರು ಕೆರೆಯ ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ರೊಟ್ಟಿಯ ಜೊತೆ ಶಿಷ್ಯರಿಗೆ ತಾವೇ ಕೊಟ್ಟರು ಅಂತ ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ಅತ್ತೆಯವರಿಗೆ ಇದನ್ನು ಹೇಳಿ ನೋಡಿ.

ಒಂದೇ ದಿನ ಎಲ್ಲವನ್ನೂ ಬದಲಾಯಿಸಲು ಹೋಗಬೇಡಿ, ಜಗಳವಾಗುತ್ತದೆ. ಅವರವರ ತಟ್ಟೆ ಅವರವರೇ ತೊಳೆಯಲಿ, ಮನೆಯ ಯಜಮಾನರೂ ಸೇರಿ. ನೀರು ತರುವುದು ಒಂದು ದಿನ ಮಗನ ಸರದಿ, ಒಂದು ದಿನ ಮಗಳ ಸರದಿ. ಇನ್ನೊಂದು ಮಾತು. ಮಗ ಒಂದು ಲೋಟ ತೊಳೆದದ್ದಕ್ಕೆ ಬೀದಿಗೆಲ್ಲ ಹೇಳಿಕೊಂಡು ಬರಬೇಡಿ. ಇಷ್ಟು ವರ್ಷ ತೊಳೆದ ಮಗಳನ್ನು ಯಾರೂ ಹೊಗಳಲಿಲ್ಲವಲ್ಲ!

ಮುಂದಿನ ಸಭೆಗೆ ಬರುವಾಗ ಒಂದು ಹಾಳೆ ತನ್ನಿ. ಒಂದು ವಾರ ಸಂಜೆ ಐದರಿಂದ ಒಂಬತ್ತರವರೆಗೆ ಮಗ ಏನು ಮಾಡಿದ, ಮಗಳು ಏನು ಮಾಡಿದಳು ಅಂತ ಅದರಲ್ಲಿ ಬರೆದಿರಬೇಕು. ಬರೆಯಲು ಬಾರದವರು ಮಕ್ಕಳ ಕೈಯಲ್ಲೇ ಬರೆಸಿ. ಉಳಿತಾಯದ ಹಣ ಕಟ್ಟಿದ ಮೇಲೆ ಎಲ್ಲರ ಹಾಳೆಗಳನ್ನೂ ಓದೋಣ.