ಹರಿಯುವ ಕೆಸರಿನ ತೂಕ



ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನು ಎಣ್ಣೆಬಾವಿಯ ಕೆಸರಿನ ವಿಷಯ ಮಾತಾಡಲು ಕುಳಿತರೆ ನಿಮಗೆ ನಗು ಬಂದೀತು. ತಪ್ಪು ನನ್ನದಲ್ಲ, ನನ್ನ ಸೋದರಳಿಯನದು. ಮುಂಬಯಿಯ ಕಡಲಲ್ಲಿ ಬಾವಿ ಕೊರೆಯುವ ರಿಗ್ಗೊಂದರ ಮೇಲೆ ಅವನು ಮಡ್ ಎಂಜಿನಿಯರ್. "ಅಂತೂ ಕೆಸರು ಕಲಸಲು ಓದಿದೆಯಪ್ಪ" ಎಂದು ನಾನು ಹಾಸ್ಯ ಮಾಡಿದಾಗ ಅವನು ನಗಲಿಲ್ಲ. ಜಗಲಿಯ ಮೇಲೆ ಕುಳಿತು, ಹಳೆಯ ಲಗ್ನಪತ್ರಿಕೆಯೊಂದರ ಬೆನ್ನಿನ ಮೇಲೆ ಲೆಕ್ಕ ಬರೆಯತೊಡಗಿದ.

ಅದು ನಮ್ಮ ಗದ್ದೆಯ ಕೆಸರಲ್ಲ. ನೀರಿಗೆ ಬೆಂಟೊನೈಟ್ ಎಂಬ ಜೇಡಿಯನ್ನೂ ಬೆರೈಟ್ ಎಂಬ ಭಾರದ ಖನಿಜದ ಪುಡಿಯನ್ನೂ ಕಲಸಿದ ದ್ರವ. ಬೆರೈಟಿನ ದೊಡ್ಡ ಗಣಿ ನಮ್ಮ ನೆರೆಯ ಕಡಪ ಸೀಮೆಯ ಮಂಗಂಪೇಟೆಯಲ್ಲೇ ಇದೆ. ಪಂಪು ಈ ದ್ರವವನ್ನು ಕೊಳವೆಯೊಳಗಿಂದ ತಳಕ್ಕೆ ನೂಕುತ್ತದೆ. ಅದು ಬೈರಿಗೆಯ ತೂತುಗಳಿಂದ ಹೊರಬಿದ್ದು, ಕೊಳವೆಗೂ ಬಾವಿಯ ಗೋಡೆಗೂ ನಡುವಣ ಸಂದಿನಲ್ಲಿ ಕಲ್ಲಿನ ಚೂರುಗಳನ್ನು ಹೊತ್ತು ಮೇಲೇರುತ್ತದೆ. ಇದಕ್ಕಿಂತ ಗಂಭೀರವಾದ ಕೆಲಸ ಇನ್ನೊಂದಿದೆ: ಬಂಡೆಯೊಳಗಿನ ಅನಿಲವನ್ನು ತನ್ನ ಭಾರದಿಂದ ಅದುಮಿ ಹಿಡಿಯುವುದು. ಭಾರ ಕಡಮೆಯಾದರೆ ಅನಿಲ ನುಗ್ಗುತ್ತದೆ. ಹೆಚ್ಚಾದರೆ ಬಂಡೆ ಬಿರಿದು ಕೆಸರನ್ನೇ ಕುಡಿಯುತ್ತದೆ.

ನೀರಿನ 1.20ರಷ್ಟು ಭಾರದ ಕೆಸರು, 3000 ಮೀಟರ್ ಆಳ ಎನ್ನಿ. 10 ಮೀಟರ್ ನೀರು ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತುವುದರಿಂದ, ತಳದಲ್ಲಿ 360 ಕಿಲೋ ಒತ್ತಡ. ಇದು ಪಂಪು ನಿಂತಿರುವಾಗಿನ ಮಾತು.

"ಪಂಪಿನ ಒತ್ತಡ 200 ಎಂದೆಯಲ್ಲ, ಅದನ್ನೂ ಕೂಡಿಸಬೇಡವೆ?" ಎಂದೆ.

"ಬೇಡ ಮಾವ. ಅದರ ಬಹುಪಾಲು ಕೊಳವೆಯೊಳಗೂ ಬೈರಿಗೆಯ ತೂತಿನಲ್ಲೂ ಖರ್ಚಾಗಿಹೋಗುತ್ತದೆ. ತಳಕ್ಕೆ ಹೊರೆಯಾಗುವುದು ಮೇಲೇರುವ ದಾರಿಯ ಘರ್ಷಣೆ ಮಾತ್ರ."

ಜಾತ್ರೆಯ ಓಣಿಯಲ್ಲಿ ಹಿಂದಿನವನಿಗೆ ತಟ್ಟುವುದು ಮುಂದಿನವರ ಇಕ್ಕಟ್ಟಷ್ಟೆ. ಆ ಘರ್ಷಣೆ 15 ಆದರೆ ತಳದ ಒತ್ತಡ 375. ಅದನ್ನು 10ರಿಂದ ಗುಣಿಸಿ 3000ದಿಂದ ಭಾಗಿಸಿದರೆ 1.25. ಕೆಸರು 1.20ರದೇ, ಹರಿಯುತ್ತಿರುವಷ್ಟು ಹೊತ್ತು ಬಂಡೆಗೆ ಮಾತ್ರ ಅದು 1.25ರದಾಗಿ ತೋರುತ್ತದೆ. ಹೊತ್ತ ಚೂರುಗಳ ಭಾರವೂ ಇದಕ್ಕೆ ಸೇರುವುದುಂಟು.

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿ ಸಿಡಿದು 11 ಮಂದಿ ಸತ್ತರು. ಅದಕ್ಕೆ ಕಾರಣಗಳು ಹಲವು. ಆದರೆ ಆ ತಿಂಗಳ ಆದಿಯಲ್ಲೇ ಅಲ್ಲಿನ ಬಂಡೆ ಕೆಸರು ಕುಡಿದಿತ್ತು. 20,200 ಅಡಿಗೆ ಉದ್ದೇಶಿಸಿದ್ದ ಬಾವಿಯನ್ನು 18,360 ಅಡಿಗೇ ನಿಲ್ಲಿಸಿದ್ದರು. ಸಿಮೆಂಟು ತುಂಬುವಾಗಲೂ ಈ ಹರಿವಿನ ಭಾರಕ್ಕೆ ಅಂಜಿ, ನೈಟ್ರೊಜನ್ ನೊರೆ ಬೆರೆಸಿ ಹಗುರಮಾಡಿ ನಿಧಾನವಾಗಿ ಇಳಿಸಿದರು. ಆ ಸಿಮೆಂಟು ಅನಿಲವನ್ನು ತಡೆಯಲಿಲ್ಲ.

ಇಷ್ಟು ಹೇಳಿ ಅಳಿಯ ಸುಮ್ಮನಾದ. ಆಮೇಲೆ, ಮನೆಯಲ್ಲಿ ಯಾರಿಗೂ ಹೇಳದ ಮಾತೊಂದನ್ನು ಹೇಳಿದ. ಈಗ ಬೈರಿಗೆಯ ಬಳಿಯೇ ಮಾಪಕವಿಟ್ಟು ಒತ್ತಡ ಅಳೆಯುವುದುಂಟು. ಅವನ ಮೊದಲ ವರ್ಷದ ಆ ಬಾವಿಯಲ್ಲಿ ಅದು ಇರಲಿಲ್ಲ. ಬಾವಿ ಓರೆಯಾಗಿ ಇಳಿದಿತ್ತು: ದಾರಿಯ ಉದ್ದ 3600 ಮೀಟರ್, ನೆಟ್ಟಗಿನ ಆಳ 3000. ಘರ್ಷಣೆಗೆ ದಾರಿಯ ಉದ್ದ ಲೆಕ್ಕ; ಭಾಗಿಸಬೇಕಾದದ್ದು ಮಾತ್ರ ನೆಟ್ಟಗಿನ ಆಳದಿಂದ. ನಿದ್ದೆಗೆಟ್ಟ ಹುಡುಗ 15ರ ಘರ್ಷಣೆಯನ್ನು 3600ರಿಂದ ಹಂಚಿ 1.242 ಎಂದು ಬರೆದ. ಬಂಡೆ ತಾಳುತ್ತಿದ್ದುದು 1.245. ಸಾಲುತ್ತದೆ ಎಂದು ಪಂಪು ನಡೆಸಿದರು.

ನಡುರಾತ್ರಿ ತೊಟ್ಟಿಯಲ್ಲಿ ಕೆಸರಿನ ಮಟ್ಟ ಇಳಿಯತೊಡಗಿತು. ಬಾವಿಯಲ್ಲೂ ಹಾಗೆಯೇ ಇಳಿದಿದ್ದರೆ ಮೇಲಿನ ಪದರದ ಅನಿಲ ನುಗ್ಗುತ್ತಿತ್ತು. ರಿಗ್ಗಿನ ತುಂಬ ಮಲಗಿದ್ದ ಜನ. ಪಂಪಿನ ವೇಗ ತಗ್ಗಿಸಿದ ಮೇಲೆ ಸೋರಿಕೆ ನಿಂತಿತಂತೆ. ಯಾರಿಗೂ ಏನೂ ಆಗಲಿಲ್ಲ.

ಆ ಲಗ್ನಪತ್ರಿಕೆ ನನ್ನ ಮೇಜಿನ ಮೇಲಿದೆ. ವಧೂವರರ ಹೆಸರಿನ ಹಿಂಬದಿಯಲ್ಲಿ 3600 ಎಂದು ಬರೆದು, ಹೊಡೆದು, 3000 ಎಂದು ತಿದ್ದಿದ್ದಾನೆ.