ಹನ್ನೊಂದು ಸಲ ಬ್ರೇಕ್: ಖರಾಡಿಯಲ್ಲಿ ನನ್ನ ಮೊದಲ ಡ್ರೈವಿಂಗ್ ಕ್ಲಾಸ್



ಮೊದಲಿಗೆ ಒಂದು ಪ್ರಶ್ನೆ. ಮನೇಲಿ ಕಾರಿದೆ, ಆದರೆ ನನಗೆ ಓಡಿಸೋಕೆ ಬರಲ್ಲ ಅನ್ನೋರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಪೂರ್ತಿ ಎತ್ತಿ. ನಾನೂ ಮೂವತ್ತಾರು ವರ್ಷ ನಿಮ್ಮ ಗುಂಪಲ್ಲೇ ಇದ್ದೆ.

ನಾವು ಬೆಂಗಳೂರಿಂದ ಪುಣೆಗೆ ಬಂದು ಆರು ವರ್ಷ ಆಯ್ತು. ಖರಾಡಿಯಲ್ಲೇ ಮನೆ, ಖರಾಡಿಯಲ್ಲೇ ಆಫೀಸು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಹಾಕಿಸಬೇಕು, ನಿಮಗೆಲ್ಲ ಗೊತ್ತಿರೋದೇ. ಹಾಗಾಗಿ ನಮ್ಮ ಕಾರು ಕೆಎ ಬಿಟ್ಟು ಎಂಎಚ್ 12 ಆಯ್ತು. ಮಗಳು ಶಾಲೆಯಲ್ಲಿ ಮರಾಠಿ ಕಲಿತಳು. ನಮ್ಮ ಮನೆಯವರು ವಡಾಪಾವ್‌ಗೆ ಒಗ್ಗಿಕೊಂಡರು. ನಾನು ಮಾತ್ರ ಅದೇ ಎಡಗಡೆ ಸೀಟಲ್ಲಿ ಕೂತು, ‘ರೀ, ನಿಧಾನ’ ಅಂತ ಹೇಳೋ ಕೆಲಸ ಮಾಡ್ತಾ ಇದ್ದೆ. (ನಗು)

ಮುಂದಿನ ಮಾತನ್ನ ನಮ್ಮ ಮನೆಯವರನ್ನ ಕೇಳಿ, ಅವರು ಒಪ್ಪಿದ ಮೇಲೇ ಹೇಳ್ತಿದ್ದೀನಿ. ಅವರು ಇವತ್ತು ಮೂರನೇ ಸಾಲಲ್ಲಿ ಕೂತಿದ್ದಾರೆ.

ಹೋದ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಅವರಿಗೆ ಫಿಟ್ಸ್ ಬಂತು. ನಲವತ್ತು ವರ್ಷದ ಮನುಷ್ಯ, ಅದುವರೆಗೂ ಒಂದು ದಿನ ಅಂಥದ್ದೇನೂ ಆಗಿರಲಿಲ್ಲ. ಸ್ಕ್ಯಾನ್ ಆಯ್ತು, ಮಾತ್ರೆ ಶುರು ಆಯ್ತು. ಕೊನೆಯಲ್ಲಿ ಡಾಕ್ಟರು, ‘ನಾನು ಹೇಳೋವರೆಗೂ ಗಾಡಿ ಓಡಿಸಬೇಡಿ’ ಅಂದರು. ಇವರು ತಲೆ ಅಲ್ಲಾಡಿಸಿದರು. ಹೂಂ ಅಂತಾನೋ ಊಹೂಂ ಅಂತಾನೋ ನನಗೆ ಅವತ್ತು ಗೊತ್ತಾಗಲಿಲ್ಲ.

ಮೂರು ವಾರ ಆದ ಮೇಲೆ ಗೊತ್ತಾಯ್ತು. ನಾನು ಮೀಟಿಂಗ್‌ನಲ್ಲಿದ್ದಾಗ ಮಗಳನ್ನ ಡ್ಯಾನ್ಸ್ ಕ್ಲಾಸಿಗೆ ಕಾರಲ್ಲೇ ಬಿಟ್ಟು ಬಂದಿದ್ದರು. ‘ಐದೇ ನಿಮಿಷದ ದಾರಿ ಕಣೇ’ ಅಂದರು. ಅವತ್ತು ನಮ್ಮನೇಲಿ ಆದ ಜಗಳ ಇಲ್ಲಿ ಹೇಳಲ್ಲ. ಆ ರಾತ್ರಿ ಕಾರ್ ಕೀ ತಗೊಂಡು ಹೋಗಿ ಅಕ್ಕಿ ಡಬ್ಬದೊಳಗೆ ಹೂತಿಟ್ಟೆ.

ಎರಡು ದಿನ ಕಳೆದ ಮೇಲೆ ಅನ್ನಕ್ಕೆ ಅಕ್ಕಿ ತೆಗೆಯೋವಾಗ ಕೀ ಕೈಗೆ ಸಿಕ್ತು. ಬಚ್ಚಿಡೋದು ಸುಲಭ, ಆದರೆ ಇದನ್ನ ಹೊರಗೆ ತೆಗೆಯೋರು ಯಾರು ಅಂತ ಅನ್ನಿಸ್ತು. ಅವತ್ತೇ ಲರ್ನರ್ಸ್ ಲೈಸೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕೋಕೆ ಕೂತೆ.

ಅದರಲ್ಲಿ ಆರೋಗ್ಯದ ಬಗ್ಗೆ ನಾವೇ ಬರೆದುಕೊಡೋ ಫಾರಂ ಒಂದಿದೆ, ಫಾರಂ 1. ನಿಮ್ಮಲ್ಲಿ ತುಂಬಾ ಜನ ಅದನ್ನ ಓದದೇ ‘ನೋ, ನೋ, ನೋ’ ಅಂತ ಒತ್ತಿರ್ತೀರಿ. ಅದರ ಮೊದಲನೇ ಪ್ರಶ್ನೆಯೇ ಇದು: ನಿಮಗೆ ಮೂರ್ಛೆರೋಗ ಇದೆಯೇ, ಅಥವಾ ಯಾವುದೇ ಕಾರಣಕ್ಕೆ ಇದ್ದಕ್ಕಿದ್ದ ಹಾಗೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಬರುವುದು ಉಂಟೇ? ಕಣ್ಣು, ಕೈ ಕಾಲು, ಎಲ್ಲ ಅದಾದ ಮೇಲೆ. 1989ರ ನಿಯಮಗಳ ಜೊತೆ ಬಂದ ಫಾರಂ ಅದು. ನಮ್ಮನೇಲಿ ಯಾರೂ ಬಾಯಿಬಿಟ್ಟು ಹೇಳದೇ ಇದ್ದ ಮಾತನ್ನ ಅದು ಮೊದಲ ಸಾಲಲ್ಲೇ ಕೇಳ್ತಿತ್ತು. ಇವರು ಹಿಂದೆ ನಿಂತು ಓದಿದರು. ಏನೂ ಮಾತಾಡಲಿಲ್ಲ. ಆದರೆ ಅವತ್ತಿನಿಂದ ಕೀ ಎಲ್ಲಿ ಅಂತ ಕೇಳಲಿಲ್ಲ.

ಈಗ ಕ್ಲಾಸಿಗೆ ಬರ್ತೀನಿ. ಬೆಳಿಗ್ಗೆ ಆರೂವರೆ. ಇಯಾನ್ ಐಟಿ ಪಾರ್ಕ್ ಸುತ್ತಲಿನ ರಸ್ತೆ ಹತ್ತು ಗಂಟೆಗೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಆರೂವರೆಗೆ ಅಲ್ಲಿ ವಾಕಿಂಗ್ ಮಾಡೋರು, ನಾಯಿಗಳು, ನೀರಿನ ಟ್ಯಾಂಕರ್‌ಗಳು ಅಷ್ಟೇ. ಕಲಿಸೋಕೆ ಬಂದವರು ಅರವತ್ತರ ಹತ್ತಿರದ ಒಬ್ಬರು. ಎಲ್ಲರೂ ಅವರನ್ನ ಕಾಕಾ ಅಂತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನ ‘ತಾಈ’ ಅಂದರು. ಮರಾಠಿಯಲ್ಲಿ ತಾಈ ಅಂದ್ರೆ ಅಕ್ಕ. ನನ್ನ ಕಿವಿಗೆ ಬಿದ್ದದ್ದು ಮಾತ್ರ ನಮ್ಮ ‘ತಾಯಿ’. ಅಪ್ಪನ ವಯಸ್ಸಿನವರು ‘ತಾಯಿ, ಸೀಟ್ ಬೆಲ್ಟ್ ಹಾಕು’ ಅಂದ ಹಾಗೆ ಕೇಳಿ, ಸ್ವಲ್ಪ ಧೈರ್ಯ ಬಂತು.

ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಕಲಿಸೋರ ಕಾಲ ಹತ್ತಿರಾನೂ ಪೆಡಲ್ ಇರುತ್ತೆ. ನಾವು ತಪ್ಪಿದರೆ ಅವರು ಗಾಡಿ ನಿಲ್ಲಿಸಬಹುದು. ಮುಂದೆ ಹಿಂದೆ ಬಿಳಿ ಹಲಗೆ ಮೇಲೆ ಕೆಂಪು ‘ಎಲ್’. ಹತ್ತು ನಿಮಿಷ ಬರೀ ಸೀಟು, ಕನ್ನಡಿ, ಗೇರು. ಬಲದಿಂದ ಎಡಕ್ಕೆ ಆಕ್ಸಿಲರೇಟರ್, ಬ್ರೇಕ್, ಕ್ಲಚ್. ಸುಲಭ, ಎಬಿಸಿ. ಆಮೇಲೆ ಫಸ್ಟ್ ಗೇರ್ ಹಾಕಿಸಿ ಅಂದರು: ‘ಕ್ಲಚ್ ಹಳೂ ಸೋಡಾ.’

ಸೋಡಾ? ಬೆಳಿಗ್ಗೆ ಆರೂವರೆಗೆ? (ನಗು) ‘ಸೋಡಾ’ ಅಂದ್ರೆ ಬಿಡಿ ಅಂತ. ಹಳೂ, ಅಂದ್ರೆ ನಿಧಾನ. ಅದು ಅರ್ಥ ಆಗೋ ಹೊತ್ತಿಗೆ ನಾನು ಕ್ಲಚ್ ದಿಢೀರ್ ಅಂತ ಬಿಟ್ಟಾಗಿತ್ತು. ಗಾಡಿ ಕಪ್ಪೆ ಹಾಗೆ ಒಂದು ಸಲ ಹಾರಿ ಆಫ್ ಆಯ್ತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ನಾಲ್ಕನೇ ಸಲಕ್ಕೆ ಹಿಂದೆ ಟ್ಯಾಂಕರ್ ಬಂದು ನಿಂತು ಹಾರ್ನ್ ಶುರು ಮಾಡ್ತು. ನನಗೆ ಕೈ ನಡುಗ್ತಿತ್ತು. ಕಾಕಾ ತಿರುಗಿ ಕೂಡ ನೋಡಲಿಲ್ಲ. ‘ಘಾಬರೂ ನಕಾ, ತಾಈ’ ಅಂದರು. ಗಾಬರಿ ಅನ್ನೋ ಪದಕ್ಕೆ ಅನುವಾದ ಬೇಕಾಗಲಿಲ್ಲ.

ಐದನೇ ಸಲ ಕ್ಲಚ್ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಒಂದು ಜಾಗದಲ್ಲಿ ಗಾಡಿ ಮೆಲ್ಲಗೆ ನಡುಗುತ್ತೆ, ಇಂಜಿನ್ ಸದ್ದು ಬದಲಾಗುತ್ತೆ. ಅಲ್ಲೇ ಕಾಲು ಹಿಡಿದು ನಿಲ್ಲಿಸಬೇಕು. ಹಿಡಿದೆ. ಗಾಡಿ ಹೊರಟಿತು. ನಮ್ಮೂರಲ್ಲಿ ಓಡಿಸೋದಕ್ಕೆ ‘ಗಾಡಿ ಬಿಡೋದು’ ಅಂತೀವಲ್ಲ, ಯಾಕೆ ಅಂತ ಒಂದು ದಿನವೂ ಯೋಚನೆ ಮಾಡಿರಲಿಲ್ಲ. ಅವತ್ತು ನನ್ನ ಎಡಗಾಲಿಗೆ ಅರ್ಥ ಆಯ್ತು.

ಆಮೇಲೆ ಒಂದು ತಿರುವು ಬಂತು. ಕಾಕಾ ‘ಉಜವೀಕಡೆ’ ಅಂದರು. ‘ಕಡೆ’ ನಮ್ಮದೇ, ಸಮಾಧಾನ ಆಯ್ತು. ಆದರೆ ಯಾವ ಕಡೆ? ಉಜವೀ ಅಂದ್ರೆ ಬಲ, ಡಾವೀ ಅಂದ್ರೆ ಎಡ. ಆರು ವರ್ಷದಿಂದ ಆಟೋದಲ್ಲಿ ಇದನ್ನೇ ಹೇಳಿಕೊಂಡು ಓಡಾಡಿದ್ದೀನಿ. ಸ್ಟೀರಿಂಗ್ ಕೈಗೆ ಬಂದ ಕೂಡಲೇ ಎಲ್ಲ ಮರೆತು ಎಡಕ್ಕೆ ತಿರುಗಿಸಿದೆ. ಗಾಡಿ ಫುಟ್‌ಪಾತ್‌ಗೆ ಒಂದು ಗೇಣು ದೂರದಲ್ಲಿ ನಿಂತಿತು. ನಾನೇ ನಿಲ್ಲಿಸಿದೆ ಅಂದುಕೊಂಡು ಖುಷಿಪಟ್ಟೆ.

ಕ್ಲಾಸ್ ಮುಗಿದ ಮೇಲೆ ಕೇಳಿದೆ, ‘ಕಾಕಾ, ನೀವು ಎಷ್ಟು ಸಲ ಬ್ರೇಕ್ ಒತ್ತಿದಿರಿ?’ ಅವರು ನಾಚಿಕೆ ಇಲ್ಲದೇ ನಿಜ ಹೇಳಿದರು. ‘ಅಕರಾ.’ ಹನ್ನೊಂದು.

ಮನೆಗೆ ಬಂದೆ. ಇವರು ಏಳನೇ ಮಹಡಿ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಲೋಟ ಖಾಲಿ, ಯಾವಾಗಲೋ ಖಾಲಿ. ಹೇಗಾಯ್ತು ಅಂತ ಕೇಳಲಿಲ್ಲ. ನಾನೇ, ‘ಹನ್ನೊಂದು ಸಲ ಅವರೇ ಬ್ರೇಕ್ ಹಾಕಿದ್ರಂತೆ’ ಅಂದೆ. ಎಷ್ಟೋ ವಾರದ ಮೇಲೆ ಅವರು ನಕ್ಕಿದ್ದು ಅವತ್ತು. ‘ನನ್ನ ಮೊದಲ ದಿನ ಮೈಲಿಗಲ್ಲಿಗೇ ಗುದ್ದಿದ್ದೆ’ ಅಂದರು. ಮದುವೆಯಾಗಿ ಹನ್ನೆರಡು ವರ್ಷ, ಈ ಕತೆ ನನಗೆ ಹೇಳೇ ಇರಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: ‘ಇವತ್ತು ಎಷ್ಟು?’ ಒಂಬತ್ತು. ಒಂಬತ್ತು. ಐದು. ಮಳೆ ಬಂದ ದಿನ ಮತ್ತೆ ಎಂಟು.

ಲರ್ನರ್ಸ್ ಆರು ತಿಂಗಳು ನಡೆಯುತ್ತೆ, ಮೂವತ್ತು ದಿನ ಆದ ಮೇಲೆ ಪರ್ಮನೆಂಟ್ ಲೈಸೆನ್ಸ್ ಟೆಸ್ಟ್ ಕೊಡಬಹುದು. ನಾನು ಒಂದು ಸಲ ಫೇಲಾಗಿ, ಎರಡನೇ ಸಲಕ್ಕೆ ಪಾಸಾದೆ. ಅವಸರ ಬೇಡ. ಮತ್ತೆ ಫಾರಂ 1ನ್ನ ದಯವಿಟ್ಟು ಓದಿ. ಮನೇಲಿ ಯಾರಿಗಾದರೂ ಫಿಟ್ಸ್ ಆಗಿದ್ದರೆ, ಗಾಡಿ ಯಾವಾಗ ಓಡಿಸಬಹುದು ಅಂತ ಡಾಕ್ಟರ್ ಹೇಳಲಿ, ನಮ್ಮ ಮರ್ಯಾದೆ ಹೇಳೋದು ಬೇಡ. ಅದು ಕಾಯಿಲೆ, ಅವಮಾನ ಅಲ್ಲ.

ಲೈಸೆನ್ಸ್ ಬಂದ ಭಾನುವಾರ ನಮ್ಮದೇ ಕಾರಲ್ಲಿ ಮೂರೂ ಜನ ಹೊರಟೆವು. ಖರಾಡಿ ಬೈಪಾಸ್ ದಾಟಿ ಮುಂಢವಾ ಸೇತುವೆವರೆಗೆ, ಅಷ್ಟೇ. ಇವರು ಮೊದಲ ಸಲ ಎಡಗಡೆ ಸೀಟಲ್ಲಿ. ಮಾತಿಲ್ಲ. ಸೇತುವೆ ಮೇಲೆ ಮುಂದಿನ ಬಸ್ಸು ನಿಧಾನ ಆದಾಗ ಒಂದು ಕ್ಷಣ ಪಕ್ಕಕ್ಕೆ ಕಣ್ಣು ಹೋಯ್ತು. ಅವರ ಬಲಗಾಲು ಮ್ಯಾಟ್ ಮೇಲೆ ಜೋರಾಗಿ ಒತ್ತಿಕೊಂಡಿತ್ತು, ಅಲ್ಲಿಲ್ಲದ ಬ್ರೇಕನ್ನ. ಹನ್ನೆರಡು ವರ್ಷ ಆ ಸೀಟಲ್ಲಿ ಕೂತು ನಾನೂ ಅದನ್ನೇ ಒತ್ತಿದ್ದೆ.

ಮನೆಗೆ ಬಂದು ಕೇಳಿದೆ, ‘ರೀ, ಇವತ್ತು ಎಷ್ಟು ಸಲ?’

‘ಲೆಕ್ಕ ಇಟ್ಟಿಲ್ಲ’ ಅಂದರು. ಹಿಂದಿನ ಸೀಟಲ್ಲಿದ್ದ ಮಗಳು ಇಟ್ಟಿದ್ದಳು. ಹದಿನಾಲ್ಕು. (ನಗು)

ಕೀ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗ್ತಾ ಇರುತ್ತೆ.