ಯಾವ ಶಾಲೆ ಒಳ್ಳೆಯದು?

ಯಾವ ಶಾಲೆಗೆ ಕಳುಹಿಸಿದರೆ ಹುಡುಗ ಮುಂದೆ ಬಂದಾನು? ಜೂನ್ ತಿಂಗಳು ಸಮೀಪಿಸಿತೆಂದರೆ ಬೀದರಿನ ಮನೆಮನೆಯಲ್ಲಿಯೂ ಇದೇ ಪ್ರಶ್ನೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಈ ಚಿಂತೆಯೇ ಇರಲಿಲ್ಲ. ಆರಿಸಿಕೊಳ್ಳಲು ಎರಡನೆಯ ಶಾಲೆ ಇದ್ದರಲ್ಲವೇ! ನಿಜಾಮರ ಕಾಲದಲ್ಲಿ ಪ್ರೌಢಶಿಕ್ಷಣ ಉರ್ದುವಿನಲ್ಲಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದುದು ಈ ಸೀಮೆಯವರೆಲ್ಲ ಬಲ್ಲ ಸಂಗತಿ.

ಇಂದು ಬೀದರ್ ನಗರದಲ್ಲಿ ಆಯ್ಕೆಗೆ ಕೊರತೆಯಿಲ್ಲ. ಔರಾದಿನ ತಾಂಡಾಗಳಲ್ಲಿ ಆಯ್ಕೆಯೆಂಬುದು ಬಸ್ಸು ಹೋದಷ್ಟೇ ದೂರ. ಖಾಸಗಿ ಶಾಲೆಯ ಮಕ್ಕಳಿಗೆ ಅಂಕ ಹೆಚ್ಚು ಎನ್ನುವರು. ಆ ಅಂಕ ಶಾಲೆಯದೋ, ಓದು ಬಲ್ಲ ತಾಯಿಯದೋ, ಮನೆಪಾಠದ್ದೋ?

ಇದನ್ನು ಬೇರ್ಪಡಿಸಿ ತೂಗಿದ ಪ್ರಯೋಗವೊಂದು ನೆರೆಯಲ್ಲಿಯೇ, ಅವಿಭಜಿತ ಆಂಧ್ರಪ್ರದೇಶದ ಹಳ್ಳಿಗಳಲ್ಲಿ, 2008ರಲ್ಲಿ ಆರಂಭವಾಯಿತು. ಅರ್ಜಿ ಹಾಕಿದ ಮಕ್ಕಳಲ್ಲಿ ಚೀಟಿಯೆತ್ತಿ ಕೆಲವರಿಗೆ ಮಾತ್ರ ಖಾಸಗಿ ಶಾಲೆಯ ಖರ್ಚು ಕೊಟ್ಟರು. ನಾಲ್ಕು ವರ್ಷದ ಮೇಲೆ ಪರೀಕ್ಷಿಸಿದರೆ, ತೆಲುಗು ಮತ್ತು ಗಣಿತದಲ್ಲಿ ಚೀಟಿ ಬಂದವರೂ ಬಾರದವರೂ ಸಮಸಮ! ಹಿಂದಿಯಲ್ಲಿ ಮಾತ್ರ ಚೀಟಿ ಬಂದವರು ಮುಂದು. ಆದರೆ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು: ಸರ್ಕಾರಿ ಶಾಲೆಯ ವೆಚ್ಚದ ಮೂರನೆಯ ಒಂದು ಪಾಲಿಗಿಂತ ಕಡಿಮೆಯಲ್ಲಿ ಖಾಸಗಿಯವರು ಅಷ್ಟನ್ನು ಕಲಿಸಿದ್ದರು.

ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಔರಾದಿನ ಆರು ವರ್ಷದ ಮಗುವಿಗೆ ಈ ಹೊರೆ ಸಣ್ಣದಲ್ಲ. ಫಲಕವನ್ನೂ ಬೂಟನ್ನೂ ನೋಡಿ ಶುಲ್ಕ ಕಟ್ಟಬೇಡಿರಿ. ಆ ಶಾಲೆಯ ಮೂರನೆಯ ತರಗತಿಯ ಮಗುವೊಂದಕ್ಕೆ ಹಿಂದೆ ಕಾಣದ ಪುಟವೊಂದನ್ನು ಓದಲು ಕೊಡಿರಿ. ಓದಿದ್ದನ್ನು ತನ್ನ ಮನೆಮಾತಿನಲ್ಲಿ ಹೇಳಬಲ್ಲುದೇ, ಕೇಳಿರಿ.